ಗೋಡೆಯಾಚೆಯ ಎರಡೂಕಾಲು ಗಂಟೆ ಬಿಸಿಲು

ಮಾರ್ಚ್ ತಿಂಗಳ ಹನ್ನೆರಡನೆಯ ತಾರೀಖು, ಬೆಳಿಗ್ಗೆ. ಪಕ್ಕದ ಮನೆಯ ಟೈಲರಮ್ಮನವರ ಹಿತ್ತಲಿನಲ್ಲಿ ಇಪ್ಪತ್ತಾರು ಟೊಮೇಟೊ ಗಿಡಗಳಿದ್ದವು. ಅವುಗಳಲ್ಲಿದ್ದ ಹಣ್ಣುಗಳು ಹನ್ನೊಂದು. ಗೋಡೆಯ ಈಚೆ ನಿಂತು ನಾನು ಎರಡು ಸಲ ಎಣಿಸಿದೆ. ಹಿಂದಿನ ವರ್ಷವೂ ಅವರ ಬೆಳೆ ಹೀಗೆಯೇ ಕೈಕೊಟ್ಟಿತ್ತು.

ಎಣಿಸಿದ್ದು ಕನಿಕರದಿಂದಲ್ಲ. ಅಂದು ಸಂಜೆ ನಮ್ಮ ಬೀದಿಯ ಸಂಘದ ಸಭೆಯಿತ್ತು. ತೋಟಗಾರಿಕೆ ಕಚೇರಿಯವರು ಮನೆಗೊಂದು ಮಾವಿನ ಸಸಿ, ಇಲ್ಲವೇ ಹನ್ನೆರಡು ಟೊಮೇಟೊ ಸಸಿ ಕೊಡುವವರಿದ್ದರು. ಯಾವುದು ಬೇಕೆಂದು ಪ್ರತಿ ಮನೆಯವರೂ ತಿಳಿಸಬೇಕಿತ್ತು. ನಾನು ಮಾವಿನ ಪಕ್ಷ. ನನ್ನ ಹಿತ್ತಲಿನಲ್ಲಿ ಹದಿನಾಲ್ಕು ವರ್ಷದ ಮಾವಿನ ಮರವಿದೆ. ಟೊಮೇಟೊ ದಂಡವೆಂದು ತೋರಿಸಲು ನನಗೊಂದು ಉದಾಹರಣೆ ಬೇಕಾಗಿತ್ತು.

ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವನು ಎದ್ದು ನಿಂತರೆ ನಮ್ಮ ಬೀದಿ ಸುಮ್ಮನಾಗುತ್ತದೆ. ಸಭೆಯೂ ಸುಮ್ಮನಾಯಿತು.

“ಒಂದು ಮಾವಿನ ಮರ ವರ್ಷಕ್ಕೆ ಇನ್ನೂರು ಹಣ್ಣು ಕೊಡುತ್ತೆ ಅಂತ ಇಟ್ಕೊಳ್ಳಿ. ನಲವತ್ತು ವರ್ಷಕ್ಕೆ ಎಂಟು ಸಾವಿರ. ಟೊಮೇಟೊ ಗಿಡ? ನಾಲ್ಕು ತಿಂಗಳಿಗೆ ಒಣಗಿ ಕಡ್ಡಿ.”

ಸೈಕಲ್ ರಿಪೇರಿಯವನು ಹಿಂದಿನ ಸಾಲಿನಿಂದ ಕೇಳಿದ: “ಸರಿ ಮೇಷ್ಟ್ರೇ, ನಾಳೆ ಬೆಳಿಗ್ಗೆ ನಮ್ಮನೆಯವಳು ಒಲೆ ಹಚ್ಚಿದಾಗ ಪಾತ್ರೆಗೆ ಏನು ಹಾಕಬೇಕು? ನಲವತ್ತು ವರ್ಷಾನಾ?”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಅವನ ಮೇಲೆ ತೀರಿಸದೆ, ಮೂಲೆಯಲ್ಲಿ ತಮ್ಮ ಪಾಡಿಗೆ ಕುಳಿತಿದ್ದವರ ಮೇಲೆ ತೀರಿಸಿದೆ.

“ಟೊಮೇಟೊ ವಿಷಯ ಟೈಲರಮ್ಮನ್ನ ಕೇಳು. ಇಪ್ಪತ್ತಾರು ಗಿಡ, ಹನ್ನೊಂದು ಹಣ್ಣು. ಗಿಡಕ್ಕೆ ಅರ್ಧ ಹಣ್ಣೂ ಬೀಳಲ್ಲ. ಕೂತಲ್ಲೇ ಬಟ್ಟೆ ಹೊಲಿದ ಹಾಗಲ್ಲ ಗಿಡ ಬೆಳೆಸೋದು. ಮೈಗಳ್ಳರ ಕೈಗೆ ಅದು ಹತ್ತಲ್ಲ.”

ಈ ಸಲ ಇನ್ನೂ ಜೋರಾಗಿ ನಕ್ಕರು. ಟೈಲರಮ್ಮ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು, ಬೆರಳಿಗೆ ಸುತ್ತಿ, ಚೀಲದೊಳಗಿಟ್ಟು ಎದ್ದು ಹೋದರು. ಉಳಿದ ಹದಿನೇಳು ಮನೆಯವರೂ ಮಾವಿಗೇ ಕೈ ಎತ್ತಿದರು.

ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ಕೇಳಿದಳು: “ಎಂಟು ಸಾವಿರ ಅಂದ್ರಂತಲ್ಲ. ಮೊದಲ ಆರು ವರ್ಷ ನಮ್ಮ ಮರ ಎಷ್ಟು ಹಣ್ಣು ಕೊಡ್ತು?”

“ಆಗಿನ್ನೂ ಬೆಳೀತಾ ಇತ್ತು.”

“ಎಷ್ಟು ಅಂದೆ.”

“ಸೊನ್ನೆ.”

“ಮಕ್ಕಳು ಸೊನ್ನೆ ಬಿಟ್ಟು ಲೆಕ್ಕ ಮಾಡಿದ್ರೆ ಕಿವಿ ಹಿಂಡ್ತಿದ್ರಿ ನೀವು.”



ನಾಲ್ಕು ದಿನಗಳ ನಂತರ ತೋಟಗಾರಿಕೆ ಕಚೇರಿಯ ಸಹಾಯಕಿ ಬಂದಳು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಲೆಕ್ಕದಲ್ಲಿ ಮೂವತ್ತಾರು ಅಂಕ ಪಡೆದು ದಾಟಿಕೊಂಡವಳು.

“ಸರ್, ಹದಿನೇಳು ಮನೆಗೂ ಮಾವೇ ಬೇಕಂತೆ. ಹಿತ್ತಲು ನೋಡದೆ ನಾನು ಸಸಿ ಕೊಡಲ್ಲ. ಟೊಮೇಟೊ ಕೆಟ್ಟಿದೆ ಅಂದ್ರಂತಲ್ಲ, ಮೊದಲು ಅದನ್ನೇ ತೋರಿಸಿ.”

ನಾವು ಹೋದಾಗ ಟೈಲರಮ್ಮ ಗಿಡಗಳನ್ನು ಕೀಳುತ್ತಿದ್ದರು. ಒಂಬತ್ತು ಗಿಡಗಳು ಆಗಲೇ ನೆಲಕ್ಕೆ ಬಿದ್ದಿದ್ದವು.

“ಯಾಕಮ್ಮ ಕೀಳ್ತಿದ್ದೀರ?” ಎಂದಳು ಸಹಾಯಕಿ.

“ನನ್ನ ಕೈಗೆ ಹತ್ತಲ್ಲಂತೆ ತಾಯಿ. ಇನ್ನು ಈ ಸಹವಾಸ ಬೇಡ.” ಅವರು ನನ್ನ ಕಡೆ ನೋಡಲಿಲ್ಲ.

ಸಹಾಯಕಿ ಬಿದ್ದಿದ್ದ ಒಂದು ಗಿಡವನ್ನು ಎತ್ತಿ ಹಿಡಿದಳು. “ಬೇರಿಗೆ ರೋಗವಿಲ್ಲ. ಮಣ್ಣು ಸಡಿಲವಾಗಿದೆ, ಗೊಬ್ಬರ ಬಿದ್ದಿದೆ. ಗಿಡದಿಂದ ಗಿಡಕ್ಕೆ ಎರಡಡಿ ಬಿಟ್ಟಿದ್ದಾರೆ. ಕೋಲು ಕೊಟ್ಟು ಬಟ್ಟೆ ಅಂಚಿನಿಂದ ಕಟ್ಟಿದ್ದಾರೆ, ಗಂಟು ನೋಡಿ ಎಷ್ಟು ಅಚ್ಚುಕಟ್ಟು! ಇದು ಮೈಗಳ್ಳರ ಕೆಲಸವಾ ಸರ್?”

“ನೀರು ಸಾಲದೆ ಹೋಗಿರಬಹುದು.”

“ಕಾಂಡ ಯಾಕೆ ಹೀಗೆ ಉದ್ದಕ್ಕೆ ಬಡಕಲಾಗಿದೆ? ಬಿಸಿಲು ಎಲ್ಲಿದೆ ಅಂತ ಕತ್ತು ಚಾಚಿ ಹುಡುಕಿದೆ ಪಾಪ. ಹೂವೂ ಅದಕ್ಕೇ ಉದುರಿದೆ. ಕೀಳೋದು ನಿಲ್ಲಿಸಿ ಅಮ್ಮ. ನಾಳೆ ಬೆಳಗಿಂದ ಸಂಜೆವರೆಗೆ ಇಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತೆ ಅಂತ ಸರ್ ಬರೆದಿಡ್ತಾರೆ. ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತೆ.”

ಮರುದಿನ ಗಡಿಯಾರ ಹಿಡಿದು ಅಲ್ಲಿ ಕುಳಿತೆ. ಕಾಲು ಗಂಟೆಗೊಮ್ಮೆ ಗುರುತು ಹಾಕಿದೆ. ಬೆಳಿಗ್ಗೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ಆ ಟೊಮೇಟೊ ಮಡಿಯ ಮೇಲೆ ನೆರಳಿತ್ತು. ಮೂರೂ ಮುಕ್ಕಾಲಿನ ನಂತರ ಅವರ ಮನೆಯದೇ ನೆರಳು ಬಿತ್ತು. ನಡುವೆ ಉಳಿದದ್ದು ಎರಡೂಕಾಲು ಗಂಟೆ. ಬೆಳಗಿನ ನೆರಳು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ತಲೆ ಎತ್ತಿದರೆ ಸಾಕಿತ್ತು. ಹಿಂದಿನ ಎರಡು ವರ್ಷ ನಾನು ತಲೆ ಎತ್ತಿರಲಿಲ್ಲ.

ಸಂಜೆ ಸಹಾಯಕಿ ಬಂದು ಚೀಟಿ ನೋಡಿದಳು. “ಟೊಮೇಟೊಗೆ ದಿನಕ್ಕೆ ಕಡಿಮೆ ಅಂದ್ರೂ ಆರು ಗಂಟೆ ಬಿಸಿಲು ಬೇಕು. ಸರ್, ನೀವು ಮರ ನೆಡೋವಾಗ ಅಳತೆ ಮಾಡಿದ್ರಾ?”

“ಮಾಡದೆ ಇರ್ತೀನಾ? ಗುಂಡಿ ಮೂರಡಿ. ಗೋಡೆಯಿಂದ ಐದಡಿ ಬಿಟ್ಟಿದ್ದೆ.”

“ಗುಂಡಿ ಅಳೆದ್ರಿ. ಮರ ಅಳೀಲಿಲ್ಲ. ಈಗ ಅದರ ಹರಹು ಎಷ್ಟು?”

ಅಳೆದೆವು. ಇಪ್ಪತ್ತೆಂಟು ಅಡಿ. ಬೊಡ್ಡೆಯಿಂದ ಒಂದು ಪಕ್ಕಕ್ಕೆ ಹದಿನಾಲ್ಕು. ಅದರಲ್ಲಿ ಐದು ಕಳೆದರೆ ಒಂಬತ್ತು. ಹದಿನೈದು ಅಡಿ ಅಗಲದ ಅವರ ಹಿತ್ತಲಿನಲ್ಲಿ ಒಂಬತ್ತು ಅಡಿಯ ಮೇಲೆ ನನ್ನ ಮರ ಕುಳಿತಿತ್ತು. ಮೂವತ್ತಾರು ಅಂಕದವಳು ಅದನ್ನು ನನಗಿಂತ ಮೊದಲೇ ಹೇಳಿದಳು.

“ನನಗೆ ಗೊತ್ತಿತ್ತು ಮೇಷ್ಟ್ರೇ,” ಎಂದರು ಟೈಲರಮ್ಮ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ವರ್ಷ ವರ್ಷ ನಿಮ್ಮನೆಯಿಂದ ಆರು ಹಣ್ಣು ಬರ್ತಿತ್ತು. ತಿಂದ ಬಾಯಲ್ಲಿ ಮರ ಕಡೀರಿ ಅಂತ ಹೇಗೆ ಹೇಳಲಿ?”

ವರ್ಷಕ್ಕೆ ಆರು ಹಣ್ಣು. ಅಷ್ಟು ಕಳಿಸಿ ನನ್ನನ್ನು ನಾನು ದೊಡ್ಡ ಮನಸ್ಸಿನವನೆಂದು ತಿಳಿದಿದ್ದೆ.  

ಸಹಾಯಕಿ ಮೆತ್ತಗೆ ಹೇಳಿದಳು: “ಮಾವು ಕೆಟ್ಟದ್ದಲ್ಲ ಸರ್. ಕಸಿ ಸಸಿಯಾದ್ರೆ ಮೂರು ನಾಲ್ಕು ವರ್ಷಕ್ಕೆ ಫಲ, ಓಟೆ ನೆಟ್ಟು ಬೆಳೆಸಿದ್ರೆ ಇನ್ನೂ ತಡ. ಅದಕ್ಕೆ ಸುತ್ತ ಮೂವತ್ತಡಿ ಬಯಲು ಬೇಕು. ಟೊಮೇಟೊ ಎರಡಡಿ ಜಾಗದಲ್ಲಿ, ಎರಡು ಎರಡೂವರೆ ತಿಂಗಳಿಗೆ ಅಡುಗೆಮನೆಗೆ ಬರುತ್ತೆ. ಯಾವುದು ಹೆಚ್ಚು ಅಂತ ಕೇಳಬಾರದು. ಇರೋ ಜಾಗಕ್ಕೆ, ಇರೋ ಬಿಸಿಲಿಗೆ ಯಾವುದು ಸರಿ ಅಂತ ಕೇಳಬೇಕು. ಆ ಕೊಂಬೆಗಳನ್ನ ಸವರಿದ್ರೆ ಇಲ್ಲಿ ಬೆಳಗಿನ ಬಿಸಿಲು ಬೀಳುತ್ತೆ. ಆದ್ರೆ ಸವರೋದು ಸಾಮಾನ್ಯವಾಗಿ ಕೊಯ್ಲಾದ ಮೇಲೆ. ಈಗ ಮಿಡಿ ಇದೆ.”

“ಹೌದು, ಕೊಯ್ಲಾಗ್ಲಿ ಬಿಡಿ,” ಎಂದರು ಟೈಲರಮ್ಮ. “ನನ್ನದೇನು, ಮುಂದಿನ ವರ್ಷ ನೋಡ್ಕೊಂಡ್ರಾಯ್ತು.”

ನನ್ನ ಹೆಂಡತಿ ಗೋಡೆಯಾಚೆ ನಮ್ಮ ಹಿತ್ತಲಿನಿಂದ ಹೇಳಿದಳು: “ಅವರು ಎರಡು ವರ್ಷ ಕಾದಿದ್ದಾರೆ. ಈ ಸಲ ನಾವು ಹಣ್ಣಿಲ್ಲದೆ ಇರೋಣ.”

ಮರುದಿನವೇ ಮರ ಸವರುವವನನ್ನು ಕರೆಸಿದೆ. ಗೋಡೆ ದಾಟಿದ್ದ ಮೂರು ಕೊಂಬೆಗಳನ್ನು ಅವನು ಮಿಡಿಯ ಸಮೇತ ಇಳಿಸಿದ. ಟೈಲರಮ್ಮನವರ ಮಡಿಗೆ ದಿನಕ್ಕೆ ಆರೂವರೆ ಗಂಟೆ ಬಿಸಿಲು ಬೀಳತೊಡಗಿತು. ಸಹಾಯಕಿ ಹೊಸ ಸಸಿಗಳನ್ನು ತಂದುಕೊಟ್ಟಳು. ಅವರು ಮತ್ತೆ ನೆಟ್ಟರು.

ಸಂಘ ಇನ್ನೊಮ್ಮೆ ಸೇರಿತು. ಸಹಾಯಕಿಯೂ ನಾನೂ ಬರೆದಿಟ್ಟಿದ್ದ ಪ್ರತಿ ಮನೆಯ ಹಿತ್ತಲಿನ ಅಳತೆಯನ್ನೂ ಬಿಸಿಲಿನ ಗಂಟೆಯನ್ನೂ ಓದಿದೆ. ಹದಿನಾಲ್ಕು ಮನೆಯವರು ಟೊಮೇಟೊ ಆರಿಸಿಕೊಂಡರು. ಮನೆಯ ಹಿಂದೆ ಬಯಲಿದ್ದ ಮೂರು ಮನೆಯವರು ಮಾವು ನೆಟ್ಟರು. “ನನ್ನ ಲೆಕ್ಕ ತಪ್ಪಾಗಿತ್ತು,” ಎಂದು ಸಭೆಯಲ್ಲಿ ಹೇಳಿದೆ. ಟೈಲರಮ್ಮನವರನ್ನು ಮೈಗಳ್ಳರೆಂದು ಕರೆದದ್ದು ತಪ್ಪು ಎಂದು ಹೇಳಲಿಲ್ಲ. ಅವರು ಬಂದಿರಲಿಲ್ಲ. ಬಂದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ತಿಳಿಯದು.

ಜೂನ್ ಮೊದಲ ವಾರ ಟೈಲರಮ್ಮ ಒಂದು ಬುಟ್ಟಿ ಟೊಮೇಟೊ ತಂದು ನಮ್ಮ ಜಗಲಿಯ ಮೇಲಿಟ್ಟರು.

“ಚೆನ್ನಾಗಿವೆ,” ಎಂದೆ.

“ಹೂಂ ಮೇಷ್ಟ್ರೇ. ಬಿಸಿಲು ಚೆನ್ನಾಗಿದೆ,” ಎಂದು ಹೊರಟರು.

ಹೆಂಡತಿ ಒಳಗಿನಿಂದ ಕೇಳಿದಳು: “ಅಷ್ಟೇನಾ ಅಂದಿದ್ದು?”

“ಅಷ್ಟೇ.”

ಓದುತ್ತಿರುವವರೇ, ನಿಮ್ಮ ಹಿತ್ತಲಿನಲ್ಲಿ ಏನನ್ನಾದರೂ ನೆಡುವ ಮೊದಲು ಒಂದು ದಿನ ಕುಳಿತು ಬಿಸಿಲಿನ ಗಂಟೆಗಳನ್ನು ಬರೆದಿಡಿ. ಆರು ಗಂಟೆ ಬಿಸಿಲು, ಕಡಿಮೆ ಜಾಗ ಇದ್ದರೆ ಟೊಮೇಟೊ ಹಾಕಿ. ಕೋಲು ಕೊಡಿ, ನೀರನ್ನು ಬುಡಕ್ಕೆ ಹನಿಸಿ, ಮುಂದಿನ ಸಲ ಮಡಿ ಬದಲಿಸಿ. ಮಾವು ಬೇಕೆಂದರೆ ಗುಂಡಿಯನ್ನಲ್ಲ, ಬೆಳೆದು ನಿಂತ ಮರವನ್ನು ಅಳೆಯಿರಿ. ಅದರ ನೆರಳು ಯಾರ ಮನೆಯ ಮೇಲೆ ಬೀಳುವುದೆಂದು ನೋಡಿ, ಅವರನ್ನು ಕೇಳಿ ನೆಡಿ. ಪಕ್ಕದವರ ಗಿಡ ಸೊರಗಿದ್ದರೆ, ಬಾಯಿ ತೆರೆಯುವ ಮೊದಲು ತಲೆ ಎತ್ತಿ ನೋಡಿ.

ಇಷ್ಟನ್ನು ಬರೆಯುವುದು ನನಗೆ ಸುಲಭವಾಯಿತು. ಟೈಲರಮ್ಮನವರ ಎದುರು ನಿಂತು ಹೇಳಬೇಕಾದ ಒಂದು ಮಾತು ಬಾಕಿ ಇದೆ. ಅವರ ಮನೆ ಇಲ್ಲಿಂದ ಹನ್ನೆರಡು ಹೆಜ್ಜೆ. ನಾನಿನ್ನೂ ಹೋಗಿಲ್ಲ.