ಕೊನೆಯ ರೀಲಿನ ಎರಡನೇ ದನಿ

ಜುಟ್ಟು ನಮ್ಮ ಸ್ಟುಡಿಯೋಕ್ಕೆ ಕಾಲಿಟ್ಟ ದಿನವೇ ನನಗೆ ಅನುಮಾನ ಬಂತು. ಅಷ್ಟು ದೊಡ್ಡ ಮನುಷ್ಯ, ತಾನೇ ಹಾಡು ಬರೆದು, ತಾನೇ ಗಿಟಾರ್ ಹಿಡಿದು ಹಾಡಿ ಎರಡು ತಲೆಮಾರಿನ ಜನರನ್ನು ಕುಣಿಸಿದವನು, ಹಳೇ ಟೇಪು ಒರೆಸುವ ನನ್ನಂಥವಳಿಗೆ ಕೈಯಾರೆ ಕಾಫಿ ತಂದುಕೊಟ್ಟರೆ ಅನುಮಾನ ಬರದೆ ಇನ್ನೇನು ಬರಬೇಕು? ಅವನ ತಲೆಯಲ್ಲಿ ಈಗ ಒಂದು ಕೂದಲೂ ಇಲ್ಲ. ಆದರೂ ಊರೆಲ್ಲ ಅವನನ್ನು ಜುಟ್ಟು ಎಂದೇ ಕರೆಯುತ್ತದೆ. ಎದುರಿಗೆ ಮಾತ್ರ ಎಲ್ಲರೂ ಸರ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ.

ನನ್ನ ಕೆಲಸ ಇಷ್ಟೇ. ಹಳೆಯ ಟೇಪಿನ ಅಂಟು ವರ್ಷಗಳು ಕಳೆದಂತೆ ತೇವ ಹಿಡಿದು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಕಿತ್ತು ಬರುತ್ತದೆ. ಅದನ್ನು ಸಣ್ಣ ಶಾಖದ ಪೆಟ್ಟಿಗೆಯಲ್ಲಿ ಒಂದು ಇಡೀ ದಿನ ಬೆಚ್ಚಗಿಟ್ಟು, ಆರಿಸಿ, ಆಮೇಲೆ ಯಂತ್ರಕ್ಕೆ ಏರಿಸಿ ಒಂದೊಂದು ದನಿಗೂ ವಾದ್ಯಕ್ಕೂ ಬೇರೆಬೇರೆಯಾಗಿ ಹಿಡಿದಿರುವ ಟ್ರ್ಯಾಕುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಬೇಕು. ಎಲ್ಲಿ ಚೂರು ಕರಕರ ಬಂದರೂ, ಎಲ್ಲಿ ಯಾರೋ ಕತ್ತರಿಸಿ ಅಂಟಿಸಿದ್ದರೂ ನನಗೆ ತಿಳಿಯುತ್ತದೆ. ಅದಕ್ಕೇ ಇಲ್ಲಿ ನನಗೆ ಕಿವಿಯಮ್ಮ ಅಂತ ಹೆಸರು. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ಶಾಖದ ಪೆಟ್ಟಿಗೆಗೆ ಬಂದದ್ದು ಜುಟ್ಟುವಿನ ಆ ರೆಕಾರ್ಡಿನ ಮೂಲ ಟೇಪುಗಳು. ಮೂವತ್ತೊಂದು ವರ್ಷದ ಹಿಂದೆ ಒಂದು ಮೈದಾನದಲ್ಲಿ, ವೇದಿಕೆಯ ಮೇಲೆ ಹಾಡುತ್ತಿದ್ದಂತೆಯೇ ಜನರ ಕೂಗು ಚಪ್ಪಾಳೆ ಸಮೇತ ಹಿಡಿದ ರೆಕಾರ್ಡು. ಅದರ ಕೊನೆಯ ಹಾಡು ಗೊತ್ತಿಲ್ಲದವರಿಲ್ಲ. ಜುಟ್ಟುವಿನ ದನಿಯ ಬೆನ್ನಿಗೇ ಒಂದು ಹೆಣ್ಣು ದನಿ ಹೊರಡುತ್ತದೆ, ಕೊನೆಯ ಚರಣದಲ್ಲಿ ಅವನನ್ನೂ ದಾಟಿ ಮೇಲೆ ಹೋಗುತ್ತದೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಅವತ್ತು ವೇದಿಕೆಯ ಮೇಲೆ ಆ ಜಾಗದಲ್ಲಿ ನಿಂತು ಹಾಡಿದವಳು ನನ್ನ ಅಕ್ಕ. ಆದರೆ ರೆಕಾರ್ಡಿನಲ್ಲಿರುವ ದನಿ ಅಕ್ಕನದಲ್ಲ. ನಮ್ಮ ಮನೆ ಮೂವತ್ತೊಂದು ವರ್ಷದಿಂದ ನಂಬಿಕೊಂಡು ಬಂದದ್ದು ಇದನ್ನೇ.

ಅದನ್ನು ಮೊದಲು ಹೇಳಿದವಳು ನಾನು. ಅಕ್ಕನಿಗೆ ಆಗ ಇಪ್ಪತ್ತೆರಡು, ನನಗೆ ಹದಿನಾಲ್ಕು. ತನ್ನ ಹೆಸರು ಅಚ್ಚಾಗಿದ್ದ ಮೊದಲ ರೆಕಾರ್ಡನ್ನು ಎದೆಗೆ ಅವುಚಿಕೊಂಡು ಬಂದಿದ್ದಳು. ಅಮ್ಮ ಒದ್ದೆ ಕೈ ಒರೆಸಿಕೊಂಡು ಬಂದು ಕೂತಳು. ಕೊನೆಯ ಹಾಡು ಬಂತು, ಎರಡನೇ ದನಿ ಎದ್ದಿತು.

"ಅಕ್ಕಾ, ಇದು ನೀನಲ್ಲ," ಅಂದೆ.

"ಸುಮ್ನಿರೇ, ಅಧಿಕಪ್ರಸಂಗಿ."

"ನಿಜವಾಗ್ಲೂ. ನಿನ್ನ ದನಿ ತುಂಬು ಇದೆ, ನಾನು ಅವತ್ತು ಮುಂದೇನೇ ನಿಂತು ಕೇಳಿದ್ದೀನಿ. ಇದು ಯಾರೋ ತೆಳ್ಳಗೆ, ಚಿಕ್ಕ ಹುಡುಗಿ ಥರ ಹಾಡಿದ್ದಾಳೆ."

ಅಕ್ಕ ರೆಕಾರ್ಡ್ ಪ್ಲೇಯರಿನ ಮುಳ್ಳು ಎತ್ತಿ ಮತ್ತೆ ಹಾಕಿದಳು. ಮೂರನೇ ಸಲಕ್ಕೆ ಅವಳ ಮುಖ ಸಣ್ಣದಾಯಿತು. ತನ್ನ ದನಿಯನ್ನು ಹೊರಗಿನಿಂದ ಕೇಳಿ ಅವಳಿಗೇನು ಅಭ್ಯಾಸವಿತ್ತು? ನನ್ನ ಕಿವಿಯೋ ಮನೆಯಲ್ಲಿ ಹೆಸರು ಮಾಡಿತ್ತು. ಮೆಟ್ಟಿಲ ಸದ್ದಿನ ಮೇಲೇ ಬಂದದ್ದು ಚಿಕ್ಕಪ್ಪನೋ ಸೋದರತ್ತೆಯೋ ಎಂದು ಹೇಳುತ್ತಿದ್ದವಳು ನಾನು. ಕಾರ್ಯಕ್ರಮ ಮುಗಿದ ಮೇಲೆ ಸ್ಟುಡಿಯೋದಲ್ಲಿ ಬೇರೆಯವರನ್ನು ಕರೆಸಿ ಟೇಪಿನ ಮೇಲೆ ಹಾಡಿಸಿ, ಇದೆಲ್ಲ ವೇದಿಕೆಯದ್ದೇ ಎಂದು ಮಾರುವುದು ಈ ಕಸುಬಿನಲ್ಲಿ ಹೊಸತೇನಲ್ಲ. ಅಕ್ಕ ಯಾರನ್ನೂ ಕೇಳಲಿಲ್ಲ. ಮುಂದಿನ ಮುದ್ರಣದಲ್ಲಿ ನನ್ನ ಹೆಸರು ತೆಗೆಯಿರಿ ಎಂದು ಜುಟ್ಟುವಿಗೆ ಒಂದೇ ಸಾಲು ಬರೆದಳು. ಆ ಕಾಗದವನ್ನು ಅಂಚೆಗೆ ಹಾಕಿದವಳೂ ನಾನೇ.

ಅವತ್ತಿನಿಂದ ಅಕ್ಕ ಹಾಡಲಿಲ್ಲ. ಮುಂದೆ ತನ್ನ ಮಗುವನ್ನು ಮಲಗಿಸುವಾಗಲೂ ಬರೀ ಬೆನ್ನು ತಟ್ಟುತ್ತಿದ್ದಳು. ಈಗ ಬಟ್ಟೆ ಹೊಲಿಯುವ, ಅಳತೆ ಸರಿಮಾಡುವ ಅಂಗಡಿ ಇಟ್ಟುಕೊಂಡಿದ್ದಾಳೆ. ಹಾಡಿನ ಮಾತೆತ್ತಿದರೆ ಬಾಯಲ್ಲಿ ಗುಂಡುಸೂಜಿ ಇದೆ ಎಂದು ತೋರಿಸಿ ಸುಮ್ಮನಾಗಿಬಿಡುತ್ತಾಳೆ.

ಈಗ ನೋಡಿ, ಹೊಸ ಮುದ್ರಣದಲ್ಲಿ ಅಂದು ವೇದಿಕೆಯ ಮೇಲಿದ್ದ ಎಲ್ಲರ ಹೆಸರೂ ಬರಬೇಕು, ಅಕ್ಕನದು ಮೊದಲು ಬರಬೇಕು ಎಂದು ಜುಟ್ಟು ಹಟ ಹಿಡಿದಿದ್ದಾನಂತೆ. ಒಪ್ಪಿಗೆಯ ಹಾಳೆಯನ್ನು ಅಕ್ಕನಿಗೆ ಕೊಡಲು ಕಚೇರಿಯವರು ನನ್ನ ಕೈಗೇ ಇಟ್ಟರು. ಶುಕ್ರವಾರ ರೆಕಾರ್ಡಿನ ಹೊದಿಕೆ ಅಚ್ಚಿಗೆ ಹೋಗುತ್ತದೆ. ಅಕ್ಕ ಹಾಳೆ ನೋಡಿ ಕತ್ತರಿ ಕೆಳಗಿಟ್ಟಳು.

"ನಂದಲ್ಲದ ದನಿಗೆ ನನ್ನ ಹೆಸರು ಯಾಕೆ? ಒಂದು ಸಲ ನನ್ನ ಮೂರ್ಖಳನ್ನಾಗಿ ಮಾಡಿದ್ದು ಸಾಲ್ದೇನು?"

ಗಾಯದ ಮೇಲೆ ಉಪ್ಪು ಸವರುವುದಕ್ಕೂ ಒಂದು ಮಿತಿ ಬೇಡವೇ. ಆ ಟೇಪಿನಲ್ಲೇ ಎಲ್ಲೋ ಅಕ್ಕನ ನಿಜವಾದ ದನಿ ಇದ್ದೇ ಇರುತ್ತದೆ, ಹುಡುಕಿ ತೆಗೆದು ಇವನ ಮುಖಕ್ಕೆ ಹಿಡಿಯುತ್ತೇನೆ, ಎಲ್ಲರೆದುರಿಗೆ ಮಾನ ಹರಾಜು ಹಾಕುತ್ತೇನೆ ಎಂದು ತೀರ್ಮಾನ ಮಾಡಿದೆ.

ಜುಟ್ಟು ದಿನಾ ಬರುತ್ತಿದ್ದ. ಬಂದವನು ಮೂಲೆಯ ಸೋಫಾದಲ್ಲಿ ಕೂತು ನಾನು ಯಾವ ರೀಲು ತೆಗೆದೆ, ಯಾವುದು ಇಟ್ಟೆ ಎಂದು ನೋಡುತ್ತಿದ್ದ. ಬುಧವಾರ ಮೆಲ್ಲಗೆ ಕೇಳಿದ, "ಕೊನೇ ರೀಲ್ ಇದ್ಯಲ್ಲಮ್ಮ, ಅದನ್ನ ಮೊದಲು ನಾನೊಬ್ಬನೇ ಕೇಳ್ಬಹುದಾ? ಬೇರೆ ಯಾರೂ ಬೇಡ."

"ಯಾಕೆ ಸರ್?"

"ಹಾಗೇ. ಒಂದು ಸಣ್ಣ ವಿಷಯ ಇದೆ."

ಸಣ್ಣ ವಿಷಯವಂತೆ. ಯಾವ ಟ್ರ್ಯಾಕಿನಲ್ಲಿ ಯಾರು ಎಂದು ಬರೆದ ಹಾಳೆ ಉಳಿದೆಲ್ಲ ಡಬ್ಬಿಗಳಲ್ಲಿತ್ತು, ಕೊನೆಯ ರೀಲಿನ ಡಬ್ಬಿಯಲ್ಲಿ ಮಾತ್ರ ಇರಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಟೇಪು ಇನ್ನೂ ಆರಿಲ್ಲ, ನಾಳೆ ಮಧ್ಯಾಹ್ನ ಬನ್ನಿ ಎಂದು ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಮರುದಿನ ಬೆಳಗ್ಗೆ ಏಳಕ್ಕೆಲ್ಲ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು ಕೊನೆಯ ರೀಲನ್ನು ಯಂತ್ರಕ್ಕೆ ಏರಿಸಿದೆ.

ಮಿಕ್ಕೆಲ್ಲ ಟ್ರ್ಯಾಕುಗಳನ್ನು ಮುಚ್ಚಿ ಎರಡನೇ ದನಿಯದ್ದೊಂದನ್ನೇ ತೆರೆದೆ. ಆಮೇಲೆ ಸ್ಟುಡಿಯೋದಲ್ಲಿ ಹಾಡಿಸಿದ್ದಾದರೆ ಅದರ ಹಿಂದೆ ಮೌನವಿರಬೇಕು. ವೇದಿಕೆಯ ಮೈಕಾದರೆ ಪಕ್ಕದ ಡ್ರಮ್ಮಿನ ಸದ್ದು, ಜನರ ಗದ್ದಲ ಅದರೊಳಗೂ ನುಸುಳಿರುತ್ತದೆ. ಮೌನ ಕೇಳಲು ಕಾದು ಕೂತಿದ್ದೆ. ಡ್ರಮ್ಮು ಕೇಳಿತು. ಜನ ಕೇಳಿದರು. ಅದೇ ತೆಳ್ಳನೆಯ ದನಿ ಆ ಗದ್ದಲದ ನಡುವೆಯೇ ನಿಂತು ಹಾಡುತ್ತಿತ್ತು. ನಾನು ಕಕ್ಕಾಬಿಕ್ಕಿಯಾದೆ. ಅವತ್ತು ವೇದಿಕೆಯ ಮೇಲೆ ಅಕ್ಕನ ಹೊರತು ಬೇರೆ ಹೆಣ್ಣೇ ಇರಲಿಲ್ಲ.

ಟೇಪನ್ನು ಹಿಂದಕ್ಕೆ ಓಡಿಸಿ, ಹಾಡು ಶುರುವಾಗುವ ಮೊದಲಿನ ಜಾಗ ಕೇಳಿದೆ. ರೆಕಾರ್ಡಿಗೆ ಸೇರಿಸದೆ ಬಿಟ್ಟ ಭಾಗ ಅದು, ಮೂಲ ಟೇಪಿನಲ್ಲಿ ಮಾತ್ರ ಉಳಿದಿತ್ತು. ಗಿಟಾರಿನ ತಂತಿ ಬಿಗಿಯುವ ಸದ್ದು. ಆ ಪುಟ್ಟ ದನಿ ಯಾರಿಗೋ ಹೇಳುತ್ತಿತ್ತು.

"ಅಗೋ, ಮುಂದೆ ನಿಂತಿದ್ದಾಳಲ್ಲ, ಎರಡು ಜಡೆ, ಅವಳೇ ನನ್ನ ತಂಗಿ. ಒಂಚೂರು ತಪ್ಪಿದ್ರೂ ಮನೇಲಿ ಮಾನ ಕಳೀತಾಳೆ. ಅವಳ ಕಿವಿಗೆ ಹೆದರ್ಕೊಂಡೇ ಹಾಡ್ಬೇಕು ನಾನು."

ಮಾತು ಅಕ್ಕನದು, ನಗು ಅಕ್ಕನದು, ದನಿ ಯಾವಳೋ ಹುಡುಗಿಯದು. ಇಪ್ಪತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಒಂದೇ ಒಂದು, ತಲೆ ಓಡದಿದ್ದರೆ ಟೇಪಿನ ಹಮ್ಮನ್ನು, ಆ ಗುಂಯ್ ಸದ್ದನ್ನು ಕೇಳು ಎನ್ನುವುದು. ಕರೆಂಟಿನ ಮೇಲೆ ನಡೆಯುವ, ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆಗಳು ಸುಮ್ಮನಿದ್ದಾಗಲೂ ಹಮ್ಮೆಂದು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತವೆ. ಆ ಸ್ವರ ಬದಲಾಗುವುದಿಲ್ಲ. ಮೊದಲ ರೀಲುಗಳಲ್ಲಿ ಅದು ಇರಬೇಕಾದ ಕಡೆಯೇ ಇತ್ತು. ಕೊನೆಯ ರೀಲಿನಲ್ಲಿ ಅರ್ಧ ಸ್ವರದಷ್ಟು ಮೇಲಿತ್ತು. ಮೀಟರಿನಲ್ಲಿ ಎರಡೆರಡು ಸಲ ನೋಡಿದೆ.

ಅವತ್ತು ನಾನೇ ಕಂಡಿದ್ದೆ, ವೇದಿಕೆಗೆ ಕರೆಂಟು ಕಂಬದಿಂದ ಬಂದಿತ್ತು. ಟೇಪಿನ ಯಂತ್ರ ಮಾತ್ರ ಹೊರಗೆ ಲಾರಿಯಲ್ಲಿ, ಜನರೇಟರಿನ ಮೇಲೆ ನಡೆದಿತ್ತು. ಕೊನೆಕೊನೆಗೆ ಜನರೇಟರ್ ಸುಸ್ತಾಗಿದೆ, ಟೇಪು ನಿಧಾನವಾಗಿ ಓಡಿದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ವೇಗವಾಗಿ ಓಡುತ್ತದೆ, ಎಲ್ಲ ದನಿಯೂ ತೆಳ್ಳಗಾಗಿ ಮೇಲೇರುತ್ತದೆ. ಜುಟ್ಟುವಿನ ದನಿಯೂ ಏರಿತ್ತು, ಆದರೆ ನಾನು ಕಿವಿಗೊಟ್ಟಿದ್ದು ಅಕ್ಕನ ದನಿಗೆ ಮಾತ್ರ. ಇಷ್ಟು ವರ್ಷ ಜನ ಕೊಂಡಾಡಿದ ಆ ಕೊನೆಯ ಹಾಡಿನ ಬೆಂಕಿಯಂಥ ವೇಗ ಅಷ್ಟೇ ಆಗಿತ್ತು.

ನಾನು ವೇಗ ತಗ್ಗಿಸಿದೆ. ಹಮ್ಮು ತನ್ನ ಜಾಗಕ್ಕೆ ಇಳಿಯಿತು. ಅಕ್ಕ ಹಾಡಿದಳು. ತುಂಬಿದ, ದುಂಡನೆಯ, ನಮ್ಮ ಮನೆಯ ಬಚ್ಚಲಲ್ಲಿ ಮೊಳಗುತ್ತಿದ್ದ ದನಿ. ಯಾರೂ ಅವಳನ್ನು ಬದಲಿಸಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಮೋಸ ಮಾಡಿದ್ದು ನನ್ನ ಬಾಯಿ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಬಾಗಿಲು ಬಡಿದ ಸದ್ದಿಗೆ ಎದ್ದು ಚಿಲಕ ತೆಗೆದರೆ ಜುಟ್ಟು ನಿಂತಿದ್ದ. ಮಧ್ಯಾಹ್ನ ಬಾ ಎಂದಿದ್ದೆ, ಆಸಾಮಿ ಒಂಬತ್ತಕ್ಕೇ ಹಾಜರು.

"ಕೇಳಿಬಿಟ್ಟಿರಾ?" ಅಂದ, ಮುಖ ಬಾಡಿಸಿಕೊಂಡು. "ನಾನು ಡ್ರಮ್ಮರಿಗೆ ಬೈದದ್ದು?"

"ಏನು ಬೈದದ್ದು?"

"ಆ ಹಾಡಾದ್ಮೇಲೆ. ಅವನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ, ಅವನ ತಾಯೀನೂ ಬಿಡಲಿಲ್ಲ. ಹೋದ ವರ್ಷ ಹೋಗ್ಬಿಟ್ಟ. ಅವನ ಮಕ್ಕಳು ನಾಳೆ ಇಲ್ಲಿಗೆ ಕೇಳೋಕೆ ಬರ್ತಾರೆ. ಅವರ ಕಿವಿಗೆ ಬೀಳೋ ಮೊದಲು ತೆಗೆಸೋಣ ಅಂತ."

ಇವನ ಸಣ್ಣ ವಿಷಯ ಇದಾಗಿತ್ತು. ಕಾಣೆಯಾದ ಹಾಳೆ ಸುಮ್ಮನೆ ಕಾಣೆಯಾದ ಹಾಳೆ. ನಾನು ಏನೂ ಮುಚ್ಚಿಡದೆ ಎಲ್ಲ ಹೇಳಿದೆ, ಎರಡೂ ವೇಗದಲ್ಲಿ ಕೇಳಿಸಿದೆ. ಅವನು ಬೋಳು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ರೆಕಾರ್ಡು ಕೇಳಿ, ಪರವಾಗಿಲ್ವೇ, ಇಷ್ಟು ವೇಗವಾಗಿ ನುಡಿಸಿದ್ವಾ ಅಂತ ನಾವೇ ಬೆನ್ನು ತಟ್ಕೊಂಡಿದ್ವಿ," ಅಂದ. "ನಿಮ್ಮಕ್ಕನ ಕಾಗದ ಬಂದಾಗ, ಮನೆಯವರಿಗೆ ಇಷ್ಟ ಇಲ್ವೇನೋ, ನಮ್ಮಂಥವರ ಸಹವಾಸ ಬೇಡ ಅನ್ನಿಸಿರ್ಬೇಕು ಅಂದ್ಕೊಂಡೆ. ನಂಗೂ ಹುರುಪಿನ ವಯಸ್ಸು, ಯಾಕೆ ಅಂತ ಕೇಳೋಕೆ ಅಹಂಕಾರ ಬಿಡಲಿಲ್ಲ. ಸರಿಯಾದ ವೇಗದಲ್ಲೇ ಹೋಗ್ಲಿ ಅಮ್ಮ. ಹಾಳೆಗೆ ಸಹಿ ಮಾಡ್ಸಿ ತನ್ನಿ."

ಆ ಮಾತು, ಹಾಡು ಎರಡನ್ನೂ ಸರಿಯಾದ ವೇಗದಲ್ಲಿ ಸಣ್ಣ ಪ್ಲೇಯರಿಗೆ ಹಾಕಿಕೊಂಡು ಅಕ್ಕನ ಅಂಗಡಿಗೆ ಹೋದೆ. ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಗಿರಾಕಿಗಳಿರಲಿಲ್ಲ. ಸೀದಾ ಅವಳ ಕಿವಿಗೆ ಹೆಡ್‌ಫೋನ್ ಇಟ್ಟೆ. ಮೊದಲು ತಂಗಿಯ ಬಗ್ಗೆ ಆಡಿದ ಆ ಮಾತು ಬಂದಿರಬೇಕು, ಅವಳ ಹುಬ್ಬು ಗಂಟಾಯಿತು. ಆಮೇಲೆ ಹಾಡು. ಕೈಯಲ್ಲಿದ್ದ ಕೋಟು ಮಡಿಲಿಗೆ ಜಾರಿತು. ಹಾಡು ಮುಗಿದ ಮೇಲೆ ಜನರೇಟರಿನ ಕತೆ ಹೇಳಿದೆ, ಹಮ್ಮಿನ ಕತೆ ಹೇಳಿದೆ. ಹೇಳಬೇಕಾದ್ದನ್ನು ಮಾತ್ರ ಕೊನೆಗೆ ಹೇಳಿದೆ.

"ನಾನೇ ಅಕ್ಕ. ನಿನ್ನ ತಲೇಲಿ ಹುಳ ಬಿಟ್ಟವಳು ನಾನೇ."

"ಗೊತ್ತು," ಅಂದಳು. ಕೋಟನ್ನು ಮಡಿಲಿಂದೆತ್ತಿ ಪಕ್ಕಕ್ಕಿಟ್ಟು, "ಚೆನ್ನಾಗಿ ಹಾಡ್ತಿದ್ದೆ ಕಣೇ ನಾನು."

"ಈಗ್ಲೂ..."

"ಸುಮ್ನಿರು."

ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಕೊನೆಯ ಚರಣವನ್ನು ಎತ್ತಿಕೊಂಡಳು. ಕೆಳಗಿನ ಸಾಲು ಬಂತು, ಒರಟಾಗಿ. ಮೇಲಕ್ಕೆ ಹೋಗಬೇಕಾದ ಕಡೆ ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಗಾಳಿ. ನಾನು ನೆಲ ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ.

ಅವಳು ಹಾಳೆ ತೆಗೆದುಕೊಂಡು ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲೇ ಸಹಿ ಮಾಡಲು ಹೊರಟಳು. ನಾನು ಪೆನ್ನು ಕೊಟ್ಟೆ. ಅವಳು ಪೂರಾ ಹೆಸರು ಬರೆದಳು.

"ಹೊಟ್ಟೆಗೆ ಹಾಕ್ಕೋ ಅಕ್ಕ," ಅಂದೆ. "ನಾನು ಚಿಕ್ಕವಳು, ತಿಳೀಲಿಲ್ಲ."

"ನೀನು ಚಿಕ್ಕವಳು. ನಾನು ದೊಡ್ಡವಳು, ಹೋಗಿ ಕೇಳಬಹುದಿತ್ತು. ಕೇಳಿದ್ರೆ ಹೌದು, ಅದು ನಿಂದಲ್ಲ ಅಂದ್ಬಿಟ್ರೆ ಅಂತ ಹೆದರಿದೆ. ಅದು ನನ್ನ ತಪ್ಪು, ಅದನ್ನ ನಿನ್ನ ಮೇಲೆ ಹೊರಿಸಲ್ಲ." ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಆದ್ರೆ ಕೋಪ ಇಲ್ಲ ಅಂತ ಸುಳ್ಳು ಹೇಳೋಕೂ ಆಗಲ್ಲ. ಸ್ವಲ್ಪ ದಿನ ನೀನು ಈ ಕಡೆ ಬರಬೇಡ."

"ಎಷ್ಟು ದಿನ ಅಕ್ಕ?"

"ನಂಗೆ ಹೇಗೆ ಗೊತ್ತು? ಫೋನ್ ಮಾಡ್ತೀನಿ. ಅದನ್ನ ಇಲ್ಲೇ ಬಿಟ್ಟು ಹೋಗು."

ಪ್ಲೇಯರನ್ನು ಅವಳ ಮುಂದಿಟ್ಟು, ಯಾವ ಗುಂಡಿ ಒತ್ತಬೇಕು ಎಂದು ತೋರಿಸಿ, ಹಾಳೆಯನ್ನು ಮಡಿಸದೆ ಕೈಯಲ್ಲೇ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಹದಿನೆಂಟು ದಿನ ಆಯಿತು. ರೆಕಾರ್ಡು ಬಂದಿದೆ, ಅವಳ ಹೆಸರು ಎಲ್ಲರಿಗಿಂತ ಮೇಲಿದೆ. ಫೋನು ಇನ್ನೂ ಬಂದಿಲ್ಲ.