ನಾಲ್ಕನೆಯ ರೇಖೆ

ನಾನೊಂದು ಕರಿಹಲಗೆ. ದಾಂಡೇಲಿಯ ತೇಗ ನನ್ನ ಮೈ. ಧಾರವಾಡದ ಬಡಗಿಯೊಬ್ಬ ಕೊಯ್ದು, ಉಜ್ಜಿ, ಕಪ್ಪು ಬಳಿದು ನಿಲ್ಲಿಸಿದ. ಮೊದಲು ಒಂದು ಕನ್ಯಾಶಾಲೆಯಲ್ಲಿದ್ದೆ. ಅಲ್ಲಿ ಮಗ್ಗಿ, ವ್ಯಾಕರಣ, ಗಲಾಟೆ ಮಾಡಿದವರ ಹೆಸರು ಎಲ್ಲವನ್ನೂ ಹೊತ್ತೆ. ಶಾಲೆ ಮುಚ್ಚಿದಾಗ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ನನ್ನನ್ನು ತಂದು ಸಂಶೋಧಕರ ಕೋಣೆಯ ಗೋಡೆಗೆ ಬಡಿದರು.

ಅಲ್ಲಿಗೆ ಪಿಎಚ್‌ಡಿ ಮಾಡಲು ಮೆಹಜಬೀನ್ ಇನಾಮದಾರ ಬಂದಳು. ನವಲಗುಂದದ ಪಿಯು ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು, ಚೀಲ ಇಳಿಸುವ ಮೊದಲೇ ಸೀಮೆಸುಣ್ಣ ಹಿಡಿಯುತ್ತಿದ್ದಳು. ಅವಳು ಬರೆದ ಅವಕಲ ಸಮೀಕರಣಗಳಲ್ಲಿ x, y ಎರಡೂ ಗಳಿಗೆಗಳಿಗೆಗೆ ಬದಲಾಗುತ್ತಿದ್ದವು. ಅವುಗಳಿಂದಲೇ ಕಟ್ಟಿದ, ಆದರೂ ಎಂದೂ ಬದಲಾಗದ ಒಂದು ರಾಶಿ ಬೇಕಿತ್ತು ಅವಳಿಗೆ. ಅದಕ್ಕೆ ಪ್ರಥಮ ಅನುಕಲ ಎನ್ನುತ್ತಾರೆ.

ದಾರಿ ಬೀಜಗಣಿತದ್ದು. ನೇರವೋ ಬಾಗಿದವೋ ಕೆಲವು ರೇಖೆಗಳಿರುತ್ತವೆ, ಅವುಗಳ ಮೇಲೆ ಹೊರಟ ಬಿಂದು ಅವನ್ನು ಬಿಟ್ಟು ಹೋಗುವುದಿಲ್ಲ. ಅಂಥ ರೇಖೆಯ ಬಹುಪದವನ್ನು ಚಲನೆಯ ಜೊತೆ ಅವಕಲಿಸಿದರೆ, ಎಂದರೆ ಅದು ಬದಲಾಗುವ ವೇಗ ಕಂಡುಹಿಡಿದರೆ, ಅದೇ ಬಹುಪದ ಮರಳಿ ಬರುತ್ತದೆ, ಇನ್ನೊಂದು ಸಣ್ಣ ಬಹುಪದದಿಂದ ಗುಣಿಸಿಕೊಂಡು. ಆ ಸಣ್ಣದನ್ನು ಅವಳು ‘ಜೊತೆಗಾರ’ ಎನ್ನುತ್ತಿದ್ದಳು. ಅವಳ ಸಮೀಕರಣಗಳಿಗೆ ನಾಲ್ಕು ರೇಖೆ ಸಿಕ್ಕರೆ ಜೊತೆಗಾರರನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿ ಸೊನ್ನೆ ಮಾಡಬಹುದು. ಅನುಕಲ ಕೈಗೆ ಬಂದಂತೆ. ಮೂರು ಸಿಕ್ಕಿದ್ದವು.

“ನಾಲ್ಕನೇದು ಇಲ್ಲ ತಂಗಿ,” ಎಂದರು ಮಾರ್ಗದರ್ಶಕ ಅಂಗಡಿ ಸರ್. “ಸರಳರೇಖಾ ನೋಡಿದಿ, ಎರಡನೇ ಘಾತಾನೂ ನೋಡಿದಿ. ವಿಷಯ ಬದಲಿ ಮಾಡು.”

“ಮೂರನೇ ಘಾತ ನೋಡಿಲ್ಲರಿ ಸರ್.”

“ಅದು ಕಾಡ ಐತಿ.”

“ಕಾಡಿಗೇ ಹೋಗ್ತೀನ್ರಿ.”

ಹೋದಳು. ನನ್ನ ಮೈತುಂಬ ಪದಗಳು ಹಬ್ಬಿದವು. ಅಂಚಿನ ಚೌಕಟ್ಟಿನ ಮೇಲೂ ಬರೆದಳು. ನನಗೆ ಅದು ಒಪ್ಪಿಗೆಯಾಯಿತು. ಅಷ್ಟು ದಿನ ನನ್ನ ಮೇಲೆ ಬಂದದ್ದೆಲ್ಲ ಯಾರಿಗೋ ಮೊದಲೇ ಗೊತ್ತಿದ್ದ ಉತ್ತರ.

ಪರಿಶೀಲನಾ ಸಮಿತಿ ಬಂತು. ಅವತ್ತು ಒಪ್ಪದಿದ್ದರೆ ಅವಳ ನೋಂದಣಿ ರದ್ದು. ಪುಣೆಯಿಂದ ಬಂದಿದ್ದ ತಜ್ಞ ಕುಲಕರ್ಣಿಯವರು ಮೂರು ರೇಖೆ ನೋಡಿ ತಲೆಯಾಡಿಸಿದರು. “ಇಷ್ಟಕ್ಕೇ ನಿಂತದಲ್ಲ. ಸಾಕು ಬಿಡ್ರಿ,” ಎಂದು ಡಸ್ಟರ್ ಎತ್ತಿಕೊಂಡು ನನ್ನ ಬಳಿ ಬಂದರು.

ಮೆಹಜಬೀನ್ ನಡುವೆ ನಿಂತಳು. “ಒರಸಬ್ಯಾಡ್ರಿ ಸರ್. ನಾಲ್ಕನೇದು ಬರೀತೀನಿ.”

ಆ ಕಾಡಿನಲ್ಲಿ ಹೆಕ್ಕಿದ್ದ ಮೂರನೆಯ ಘಾತದ ಬಹುಪದ ಬರೆದಳು. ಪದ ಪದವಾಗಿ ಅವಕಲಿಸಿದಳು. ಕೊನೆಯ ಸಾಲಿನಲ್ಲಿ ಒಂದು ಪದ ಹೊಂದದೆ ಉಳಿಯಿತು.

“ನೋಡ್ರಿ,” ಎಂದರು ಕುಲಕರ್ಣಿ. “ಅದು ಮರಳಿ ಬರಲಿಲ್ಲ.”

ಅವಳ ಕೈ ನನ್ನ ಮೇಲೆಯೇ ಇತ್ತು. ಅವಳು ನನ್ನ ಮುಂದಿನ ಕಟ್ಟೆಯಿಂದ ಕೆಳಗಿಳಿಯಲಿಲ್ಲ. ಸಾಲು ಸಾಲಾಗಿ ಮೇಲಕ್ಕೆ ಓದುತ್ತ ಹೋಗಿ, ಒಂದು ಕಡೆ ಅಧಿಕ ಚಿಹ್ನೆಯ ಅಡ್ಡಗೀಟಷ್ಟೇ ಉಳಿಸಿ, ನೆಟ್ಟಗಿನ ಗೀಟನ್ನು ಬೆರಳಿನಿಂದ ಒರೆಸಿದಳು. ಋಣವಾಗಬೇಕಿದ್ದ ಪದ ಅದು. ಕೆಳಗಿನ ಸಾಲುಗಳನ್ನು ತಿದ್ದಿದಳು. ಹೊಂದದ ಪದ ಅಳಿದುಹೋಯಿತು. ಅದೇ ಬಹುಪದ ಮರಳಿ ಬಂತು, ಜೊತೆಗಾರನ ಸಮೇತ.

ಕುಲಕರ್ಣಿಯವರು ತಾವೇ ಸೀಮೆಸುಣ್ಣ ಹಿಡಿದು ಲೆಕ್ಕ ಮತ್ತೆ ಮಾಡಿದರು. ತಪ್ಪು ಸಿಗಲಿಲ್ಲ.

“ಯೋಗ ಚಲೋ ಇತ್ತು ನಿಮ್ಮದು,” ಎಂದರು.

“ಯೋಗ ಅಲ್ಲರಿ ಸರ್,” ಎಂದಳು ಮೆಹಜಬೀನ್, “ಬೀಜಗಣಿತ.”

ಅಂಗಡಿ ಸರ್ ಜೋರಾಗಿ ನಕ್ಕುಬಿಟ್ಟರು. ಸಮಿತಿ ಒಪ್ಪಿತು.

ಕೆಲವು ವರ್ಷಗಳ ನಂತರ ಕೋಣೆಗೆ ಹೊಳೆಯುವ ಪರದೆ ಬಂತು. ನನ್ನನ್ನು ಸೈಕಲ್ ಸ್ಟ್ಯಾಂಡಿಗೆ ಒಯ್ದು ಒರಗಿಸಿದರು. ಸುದ್ದಿ ತಿಳಿದು ಡಾಕ್ಟರ್ ಮೆಹಜಬೀನ್ ಟೆಂಪೊ ತಂದು ತನ್ನ ಕಾಲೇಜಿಗೆ ಹೇರಿಕೊಂಡು ಹೋದಳು.

ಈಗ ಅಲ್ಲಿನ ಕೊನೆಯ ಕೋಣೆಯಲ್ಲಿದ್ದೇನೆ. ಬಲಬದಿಯ ಬಣ್ಣ ಎದ್ದುಹೋಗಿದೆ. ಹೊಸ ಪ್ರಾಚಾರ್ಯರು ಬಂದಾಗಲೆಲ್ಲ, “ಇದನ್ನ ಗುಜರಿಗೆ ಹಾಕ್ರಿ,” ಎನ್ನುತ್ತಾರೆ. ಮೆಹಜಬೀನ್ ಹುಡುಗಿಯರ ಕಡೆ ತಿರುಗಿ ಪಾಠ ಮುಂದುವರಿಸುತ್ತಾಳೆ. ಎಡಬದಿ ಇನ್ನೂ ಕಪ್ಪಗಿದೆ. ಸಮೀಕರಣ ಉದ್ದವಾದರೆ ಎರಡು ಸಾಲಾಗಿ ಬರೆಯಲಿ. ನಾನಂತೂ ಗೋಡೆ ಬಿಟ್ಟು ಇಳಿಯುವುದಿಲ್ಲ.