ಕೇಳುವ ಮುಂಚಿನ ತಪ್ಪು

"ಏಯ್, ಹಗ್ಗ ಬಿಟ್ಟು ಈ ಕಡೆ ಬಾರೇ. ಹೆಸರೇನು ನಿಂದು?"

ಅಕ್ಕ ತಿರುಗಲಿಲ್ಲ. ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ ಸುತ್ತಿತ್ತು. ಇನ್ನೊಂದು ತುದಿಯಲ್ಲಿ, ಮ್ಯಾನ್‌ಹೋಲಿನೊಳಗೆ, ಎದೆಮಟ್ಟದ ಹೊಲಸಿನಲ್ಲಿ ಅವಳ ತಮ್ಮನಿದ್ದ. ತೆರೆದ ಮುಚ್ಚಳ ಜೀಪಿಗೆ ಅಡ್ಡವಾಗಿದ್ದೇ ಹೀಗೆ ಕೂಗಿದ ಪೊಲೀಸ್ ಇನ್‌ಸ್ಪೆಕ್ಟರನ ಸಿಟ್ಟಿಗೆ ಕಾರಣ.

"ನಗರಸಭೆಯವರೇ ಇಳಿಸಿರೋದು. ಒಳಗೆ ಮನುಷ್ಯ ಇದಾನೆ ಸಾಹೇಬ್ರೆ."

"ಅದಲ್ಲ ಕೇಳಿದ್ದು. ಹೆಸರು ಬೊಗಳು. ಗುರುತಿನ ಚೀಟಿ ತೆಗಿ." ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಗದರಿದ.

"ನಾನೇನು ತಪ್ಪು ಮಾಡ್ದೆ?"

"ಹೆಸರು ಹೇಳ್ತಿಲ್ವಲ್ಲ, ಅದೇ."

"ಅದು ನೀವು ಕೇಳಿದ್ಮೇಲೆ ಹುಟ್ಟಿದ ತಪ್ಪು. ಕೇಳೋಕೆ ಮುಂಚೆ ಏನು ಮಾಡಿದ್ದೆ, ಅದನ್ನ ಹೇಳಿ."

ಇನ್‌ಸ್ಪೆಕ್ಟರನ ಹಿಂದೆ ನಿಂತಿದ್ದ ಪೇದೆ ಬಾಯಿತಪ್ಪಿ ಅಂದುಬಿಟ್ಟ: "ಸರ್, ಯಾವ ಅನುಮಾನ ಅಂತ ಹೇಳ್ದೆ ಹೆಸರು ಕೇಳಂಗಿಲ್ಲ. ಕಾನೂನು..."

"ಕಾನೂನು ಮನುಷ್ಯರಿಗೆ ಕಣಯ್ಯ. ಹೇಲು ಬಾಚೋ ಮುಂಡೇವಕ್ಕಲ್ಲ."

ಇನ್‌ಸ್ಪೆಕ್ಟರನ ಲಾಠಿ ಅವಳ ಮೊಣಕೈಗೆ ಬಿತ್ತು. ಹಗ್ಗ ಗೇಣುದ್ದ ಜಾರಿತು. ಒಳಗಿನಿಂದ ಉಸಿರು ಕಟ್ಟಿದ ಕೆಮ್ಮು ಕೇಳಿಸಿತು. ಅಕ್ಕ ಹಲ್ಲು ಕಚ್ಚಿ ಎಳೆದಳು. ಪೇದೆ ಒಂದು ಹೆಜ್ಜೆ ಮುಂದಿಟ್ಟ. ಸಾಹೇಬನ ಕಣ್ಣು ಕಂಡು ನಿಂತ. ಅವಳೊಬ್ಬಳೇ ಎಳೆದಳು. ಕೊನೆಗೂ ತಮ್ಮನ ತಲೆ ಮೇಲೆ ಬಂತು, ಕೂದಲಿಂದ ಗದ್ದದವರೆಗೆ ಕಪ್ಪು ಸೋರುತ್ತ. ಅವನು ತೆವಳಿ ಹೊರಬಂದು ರಸ್ತೆಯ ಮೇಲೆ ಅಂಗಾತ ಬಿದ್ದು ಗಾಳಿ ನುಂಗಿದ.

"ಯಾರಕ್ಕ ಇವ್ರು?"

"ನನ್ನ ಹೆಸರು ಕೇಳೋರು. ನಿನ್ನ ಕೈಬಿಟ್ಟು ಹೇಳ್ಬೇಕಂತೆ."

ಅವನು ಕೆಮ್ಮುತ್ತಲೇ ನಕ್ಕ. "ಪರವಾಗಿಲ್ವೇ. ಇಷ್ಟು ದಿನ ಏಯ್ ಅಂದ್ರೆ ಸಾಕಾಗ್ತಿತ್ತು ಇವ್ರಿಗೆ."

"ಎತ್ತಿ ಹಾಕಯ್ಯ ಇಬ್ಬರನ್ನೂ ಜೀಪಿಗೆ," ಇನ್‌ಸ್ಪೆಕ್ಟರ್ ಅರಚಿದ.

ಪೇದೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹೇಗ್ ಸರ್ ಮುಟ್ಟೋದು?"

ಇನ್‌ಸ್ಪೆಕ್ಟರ್ ಹಿಂದೆ ಸರಿದ. "ಥೂ. ಹಾಳಾಗಿ ಹೋಗಿ. ಈ ಸಲ ಬಿಟ್ಟಿದೀನಿ."

"ಅದ್ಹೇಗೆ ಬಿಡ್ತೀರಿ?" ಅಕ್ಕ ಊದುತ್ತಿದ್ದ ಮೊಣಕೈ ಹಿಡಿದುಕೊಂಡು ಎದ್ದಳು. "ಹೊಡೆದಿದೀರಿ. ಯಾಕೆ ಅಂತ ಠಾಣೇಲಿ ಬರೀರಿ, ನಡೀರಿ."

ಜೀಪಿನ ಮುಂದೆ, ಸಾಹೇಬ ಕೂರುವ ಸೀಟಿಗೆ ಬಿಳಿ ಟವೆಲ್ ಹಾಸಿತ್ತು. ತಮ್ಮನನ್ನು ಎಬ್ಬಿಸಿ ತಂದು ಅದರ ಮೇಲೆಯೇ ಕೂರಿಸಿದಳು. ಅವನು ಆರಾಮಾಗಿ ಒರಗಿಕೊಂಡ. ಹೊಲಸು ಟವೆಲ್ ತೋಯಿಸಿ ಕೆಳಗಿಳಿಯಿತು. ಅಕ್ಕ ಹಿಂದೆ ಹತ್ತಿ ಬಾಗಿಲು ಎಳೆದುಕೊಂಡಳು.

ಇನ್‌ಸ್ಪೆಕ್ಟರ್ ಬೀದಿಯಲ್ಲೇ ನಿಂತಿದ್ದ.